ಮಾವಿನ ಗೆಲ್ಲು

ಮರದಡಿಯ ಖುರ್ಚಿಯನ್ನು ಆಚೆ ಬಿಸಿಲಿಗೆ ಸರಿಸಿ ತುಕ್ರಪ್ಪ ಮರ ಕೊಯ್ಯುವ ಯಂತ್ರದ ಹಗ್ಗ ಎಳೆದ. ಅದು ಅಬ್ಬರಿಸಿದ್ದೇ ಕಾವೇರಮ್ಮ ಜಗಲಿ ಇಳಿದು ಬಂದು ಅಂಗಳದ ಮಾವಿನ ಮರಕ್ಕೆ ಬೆನ್ನು ಕೊಟ್ಟು ನಿಂತರು. ಯಂತ್ರ ನಿಲ್ಲಿಸಲೇಬೇಕಾಯಿತು.

"ಇದನ್ನು ಬಿಡು ತುಕ್ರಪ್ಪ. ಅವರೂ ಹೋದರು, ಇದೂ ಹೋದರೆ ನಾನು ಯಾರ ಮುಖ ನೋಡಲಿ?"

ಹಾಸಿಗೆ ಹಿಡಿದ ಗಂಡನ ಚಾಕರಿ ಮಾಡಿ ಮಾಡಿ ಅವರಿಗೆ ಅಳುವುದಕ್ಕೂ ತ್ರಾಣ ಉಳಿದಿರಲಿಲ್ಲ. ಒಳಗೆ ಕುಶಾಲಪ್ಪ ಮಾಸ್ಟ್ರು ಬಾಳೆಲೆಯ ಮೇಲೆ ಮಲಗಿದ್ದರು.

ಮಾಸ್ಟ್ರ ಅಣ್ಣ ಸುಬ್ಬಪ್ಪನವರಿಗೆ ಬೆಳಗ್ಗಿನಿಂದ ನಿಂತು ನಿಂತು ಸಾಕಾಗಿತ್ತು. "ಚಿತೆಗೆ ಮನೆಯ ಮಾವು ಬೇಕಲ್ಲ ಕಾವೇರಿ? ಅಪ್ಪನಿಗೂ ಕಡಿದದ್ದುಂಟು. ಅನಿವಾರ್ಯ, ಏನು ಮಾಡುವುದು?"

'ಅನಿವಾರ್ಯ' ಎಂಬ ಶಬ್ದ ಕೇಳಿ ತುಕ್ರಪ್ಪ ಯಂತ್ರವನ್ನು ನೆಲಕ್ಕಿಟ್ಟ.

*

ತುಕ್ರಪ್ಪ ಹೈಸ್ಕೂಲಿನಲ್ಲಿದ್ದಾಗ ಒಂದು ದಿನ ಮಾಸ್ಟ್ರು 'ಇನೆವಿಟೇಬಲ್' ಎಂದು ಬೋರ್ಡಿನಲ್ಲಿ ಬರೆದು, ಅನಿವಾರ್ಯ ಎಂದು ಅರ್ಥ ಹೇಳಿ, ಒಂದೊಂದು ಉದಾಹರಣೆ ಕೇಳಿದ್ದರು. ಇಡೀ ತರಗತಿ ಗೈಡಿನಲ್ಲಿದ್ದಂತೆ ಸಾವನ್ನೇ ಹೇಳಿತು. ಹಿಂದಿನ ಬೆಂಚಿನ ತುಕ್ರಪ್ಪ ಮಾತ್ರ, "ನಾನು ಇಂಗ್ಲಿಷಿನಲ್ಲಿ ಫೇಲಾಗುವುದು ಸರ್" ಎಂದ. ಎಲ್ಲರೂ ನಕ್ಕರು, ಮಾಸ್ಟ್ರು ನಗಲಿಲ್ಲ.

"ಕೈಲಾದದ್ದೆಲ್ಲ ಮಾಡಿ ನೋಡಿದ ಮೇಲೂ ಆಗಿಯೇ ತೀರುವುದಕ್ಕೆ ಈ ಶಬ್ದ. ನೀನೇನು ಮಾಡಿ ನೋಡಿದ್ದಿ? ಸೋಮಾರಿಗಳು ಇದನ್ನು ಮುಟ್ಟಬಾರದು. ಸಂಜೆ ಮನೆಗೆ ಬಾ."

ಆ ವರ್ಷವಿಡೀ ಮಾಸ್ಟ್ರು ಇದೇ ಮರದಡಿ ಖುರ್ಚಿ ಹಾಕಿ ಕೂತು ಕಲಿಸಿದರು. ಕಾವೇರಮ್ಮ ಚಾ, ಗೋಳಿಬಜೆ ಕೊಟ್ಟರು. ತುಕ್ರಪ್ಪ ಹೇಗೋ ಪಾಸಾದ.

*

"ಸುಬ್ಬಪ್ಪಣ್ಣ, ಇದರ ಒಂದು ಗೆಲ್ಲು ಸಾಲದಾ? ನಮ್ಮಲ್ಲಿ ಹೋದ ವರ್ಷ ಗಾಳಿಗೆ ಬಿದ್ದ ಕಾಟುಮಾವಿನ ಮರ ಉಂಟು. ಉಳಿದದ್ದಕ್ಕೆ ಅದನ್ನು ಪಿಕಪ್ಪಿನಲ್ಲಿ ತರ್ತೇನೆ."

"ನಾಲ್ಕು ಜನ ಏನು ಹೇಳಿಯಾರು ಮಾರಾಯ?"

"ಹೇಳಲಿ. ಏನೂ ಮಾಡಿ ನೋಡದೆ ಅನಿವಾರ್ಯ ಅಂತ ಹೇಳಿದ್ರೆ ಮಾಸ್ಟ್ರು ಎದ್ದು ಬಂದು ನನ್ನ ಕಿವಿ ಹಿಂಡಿಯಾರು."

ವಾದ ಮಾಡಲು ಸುಬ್ಬಪ್ಪನವರಿಗೂ ಶಕ್ತಿ ಇರಲಿಲ್ಲ. "ಏನಾದರೂ ಮಾಡಿ" ಎಂದು ಹೆಗಲ ಮೇಲಿನ ಬೈರಾಸನ್ನು ತಲೆಗೆ ಹಾಕಿಕೊಂಡರು. ತುಕ್ರಪ್ಪ ಕತ್ತಿ ಹಿಡಿದು ಮರ ಹತ್ತಿ ಒಂದು ಕೊಂಬೆ ಕಡಿದ. ಗೆಲ್ಲು ನೆಲಕ್ಕೆ ಬಿದ್ದ ಮೇಲಷ್ಟೇ ಕಾವೇರಮ್ಮ ಒಳಗೆ ಹೋದರು. ಗಂಡನ ತಲೆಯ ಹತ್ತಿರ ಕೂತು, ಬೆಳಗ್ಗಿನಿಂದ ಬಾರದಿದ್ದ ಅಳುವನ್ನು ಅತ್ತರು.

ಚಿತೆಗೆ ಬೆಂಕಿ ಕೊಟ್ಟು, ಹೊಳೆಯಲ್ಲಿ ಮುಳುಗಿ ಎಲ್ಲರೂ ಮರಳುವಾಗ ಅಂಗಳ ಬಿಸಿಲಿಗೆ ದೋಸೆ ಕಾವಲಿಯಂತೆ ಕಾದಿತ್ತು. ಸುಬ್ಬಪ್ಪನವರು ಸುತ್ತ ನೋಡಿದರು. ನೆರಳೆಂದು ಇದ್ದದ್ದು ಒಂದೇ ಕಡೆ. ಬಿಸಿಲಲ್ಲಿದ್ದ ತಮ್ಮನ ಖುರ್ಚಿಯನ್ನು ಎಳೆದು ತಂದು ಮೊದಲಿನ ಜಾಗದಲ್ಲೇ ಇಟ್ಟರು. ಒದ್ದೆ ಬೈರಾಸಿನಿಂದ ಅದರ ಧೂಳು ಒರೆಸಿದರು. ಆದರೆ ಅದರಲ್ಲಿ ಕೂರಲಿಲ್ಲ. ಪಕ್ಕದ ನೆಲದಲ್ಲಿ ಕಾಲು ನೀಡಿ, ಮರಕ್ಕೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದರು.