ಬಲಗಣ್ಣು

ಅತ್ತಿಗೆಯ ಪಾರ್ಲರಿನಲ್ಲಿ ನನಗೆ ಮೂರು ಕೆಲಸ. ನೆಲ ಗುಡಿಸುವುದು, ಟವೆಲ್ ಒಗೆಯುವುದು, ಬಲಗಣ್ಣು ತೋರಿಸುವುದು.

ಮೊದಲಿನೆರಡನ್ನು ಶಾಲೆ ಬಿಟ್ಟಾಗಿನಿಂದ ಮಾಡುತ್ತಿದ್ದೇನೆ. ಮೂರನೆಯದು, ರೆಪ್ಪೆಗೂದಲು ಬೆಳೆಸುವ ಸೀರಮ್ ಬಂದ ದಿನ ಶುರುವಾಯಿತು. ಅತ್ತಿಗೆ ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು.

"ಗೂಬೆ, ಕಣ್ಣೇನೋ ಇಷ್ಟು ದೊಡ್ಡದಿದೆ, ಕೂದಲು ಮಾತ್ರ ಮೋಟು. ಒಂದೇ ಕಣ್ಣಿಗೆ ಹಚ್ಚೋಣ. ಹಚ್ಚಿದ್ದು ಇದು, ಹಚ್ಚದೇ ಇರೋದು ಅದು ಅಂತ ಗಿರಾಕಿಗಳೇ ನೋಡ್ಕೊಳ್ಳಲಿ. ನೀನು ಬಾಯಿ ಬಿಡೋದೇ ಬೇಡ. ನಿನಗೂ ಅದೇ ತಾನೇ ಇಷ್ಟ?"

ಎರಡು ತಿಂಗಳಲ್ಲಿ ಕೂದಲು ನಿಜವಾಗಿಯೂ ಬೆಳೆಯಿತು. ಅತ್ತಿಗೆ ನನ್ನ ಬಲಗಣ್ಣಿನ ಫೋಟೋ ತೆಗೆಸಿ, ತಟ್ಟೆಯಷ್ಟು ದೊಡ್ಡದು ಮಾಡಿಸಿ ಗಾಜಿನ ಬಾಗಿಲಿಗೆ ಅಂಟಿಸಿದಳು. ಗಿರಾಕಿ ಬಂದಾಗಲೆಲ್ಲ ನನ್ನನ್ನು ಕರೆಯುತ್ತಿದ್ದಳು. ನಾನು ಪೊರಕೆ ಇಟ್ಟು ಬಂದು ನಿಲ್ಲುತ್ತಿದ್ದೆ. ಅವರು ಹತ್ತಿರ ಬಂದು ಒಂದು ಕಣ್ಣು ನೋಡುವರು, ಆಮೇಲೆ ಇನ್ನೊಂದು. ನನ್ನನ್ನು ಯಾರೂ ನೋಡುತ್ತಿರಲಿಲ್ಲ.

ಆಮೇಲೆ ತುರಿಕೆ ಶುರುವಾಯಿತು. ರೆಪ್ಪೆಯ ಅಂಚು ಕೆಂಪಾಗಿ ಊದಿಕೊಂಡಿತು, ಮೇಲಿನ ಚರ್ಮ ಕಪ್ಪಾಯಿತು. ಬೆಳಗ್ಗೆ ಎದ್ದರೆ ಕಣ್ಣು ಅಂಟಿಕೊಂಡಿರುತ್ತಿತ್ತು.

"ಅತ್ತಿಗೆ, ಉರೀತಿದೆ. ಸ್ವಲ್ಪ ದಿನ ಬಿಡೋಣ."

"ಬಿಟ್ರೆ ಉದ್ದ ಕೂದಲೆಲ್ಲ ಉದುರಿ ಮತ್ತೆ ಮೋಟಾಗುತ್ತೆ. ಬಾಗಿಲ ಮೇಲಿರೋ ಕಣ್ಣು ಯಾರದು ಅಂತ ಕೇಳಿದ್ರೆ ಯಾರನ್ನ ತೋರಿಸಲಿ?" ಎಂದವಳೇ ನನ್ನ ರೆಪ್ಪೆಗೆ ಬಣ್ಣದ ಕ್ರೀಮ್ ಮೆತ್ತಿ ಕೆಂಪನ್ನು ಮುಚ್ಚಿದಳು. ಅಂದಿನಿಂದ ದಿನಾ ಬೆಳಗ್ಗೆ ಕ್ರೀಮ್, ಅಂಗಡಿ ಮುಚ್ಚುವ ಮುಂಚೆ ಸೀರಮ್.

ಅಣ್ಣನಿಗೆ ಹೇಳಿದೆ. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ಅತ್ತಿಗೆ ಹೇಳಿದ ಹಾಗೆ ಕೇಳಮ್ಮ. ಮನೇಲಿ ನೆಮ್ಮದಿ ಇರ್ಲಿ." ನಾನು ಮಲಗುವುದು ಪಾರ್ಲರಿನ ಹಿಂದಿನ ಟವೆಲ್ ಕೋಣೆಯಲ್ಲಿ. ಅದಕ್ಕೆ ಕಿಟಕಿ ಇಲ್ಲ. ಹೊರಗೆ ಹೋಗಬೇಕೆಂದರೆ ನನ್ನ ಕಣ್ಣಿರುವ ಆ ಬಾಗಿಲನ್ನೇ ದಾಟಬೇಕು.

ಒಂದು ಮಧ್ಯಾಹ್ನ ಕಸದ ಬುಟ್ಟಿಯಲ್ಲಿ ಸೀರಮ್ ಡಬ್ಬಿಯ ಚೀಟಿ ಸಿಕ್ಕಿತು. ಇರುವೆಯಂಥ ಅಕ್ಷರ. ಬೆರಳಿಟ್ಟುಕೊಂಡು ಓದಿದೆ. ಮೇಲಿನ ರೆಪ್ಪೆಯ ಕೂದಲ ಬುಡಕ್ಕೆ ಮಾತ್ರ, ತೆಳುವಾಗಿ ಒಂದೇ ಗೆರೆ. ಅತ್ತಿಗೆ ಕೆಳಗೂ ಹಚ್ಚುತ್ತಿದ್ದಳು. ಒಬ್ಬರ ಬ್ರಷ್ ಇನ್ನೊಬ್ಬರಿಗೆ ಬಳಸಬಾರದು. ಉರಿ, ಊತ ಬಂದರೆ ಕೂಡಲೇ ನಿಲ್ಲಿಸಿ ಕಣ್ಣಿನ ಡಾಕ್ಟರಿಗೆ ತೋರಿಸಬೇಕು. ಕಣ್ಣಿಗೆ ಬೇರೆ ಔಷಧಿ ಹಾಕುವವರು ಡಾಕ್ಟರನ್ನು ಕೇಳದೆ ಹಚ್ಚಲೇಬಾರದು. ಚೀಟಿಯನ್ನು ಮಡಚಿ ದಿಂಬಿನ ಚೀಲದೊಳಗಿಟ್ಟೆ. ಅದನ್ನು ಯಾರಿಗೆ ತೋರಿಸುವುದೋ ಗೊತ್ತಾಗಲಿಲ್ಲ.

ಮರುದಿನ ಎದುರು ಅಂಗಡಿಯ ಟೈಲರಮ್ಮ ಬಂದರು.

"ನನಗೆ ಸೂಜಿಗೆ ದಾರ ಪೋಣಿಸೋಕೆ ಕಣ್ಣು ಕಂಡ್ರೆ ಸಾಕಾಗಿತ್ತು," ಎಂದು ಕುರ್ಚಿಯಲ್ಲಿ ಕೂತರು. "ನನ್ನ ಮಗಳು ಬಿಡ್ತಿಲ್ಲ. ಅಮ್ಮಾ ನಿನ್ನ ಕಣ್ಣು ಬೋಳು ಅಂತಾಳೆ. ತಲೆ ಬೋಳಾಗೋದು ಕೇಳಿದ್ದೆ, ಕಣ್ಣೂ ಬೋಳಾಗುತ್ತಾ?"

ಅತ್ತಿಗೆ ನಕ್ಕಳು. "ಎರಡು ತಿಂಗಳು ತಡೀರಿ, ನಿಮ್ಮ ಮಗಳಿಗೇ ಹೊಟ್ಟೆಕಿಚ್ಚು ಬರುತ್ತೆ. ಏ ಗೂಬೆ, ಬಾ ಇಲ್ಲಿ."

ನಾನು ಬಂದು ನಿಂತೆ. ಟೈಲರಮ್ಮ ಕರ್ಚೀಫು ಹುಡುಕಲು ಚೀಲ ಬಗ್ಗಿಸಿದಾಗ ಸಣ್ಣ ಸೀಸೆಯೊಂದು ಉರುಳಿತು. "ಇದೊಂದು ಪೀಡೆ," ಎಂದರು. "ಕಣ್ಣಿನೊಳಗೆ ಒತ್ತಡ ಜಾಸ್ತಿ ಅಂತ ದಿನಾ ಹನಿ ಹಾಕ್ಕೋಬೇಕು. ತಪ್ಪಿದ್ರೆ ಕಣ್ಣೇ ಹೋಗುತ್ತೆ ಅಂದಿದ್ದಾರೆ ಡಾಕ್ಟರು. ಇದಕ್ಕೂ ಅದಕ್ಕೂ ಏನೂ ಆಗಲ್ಲ ತಾನೇ?"

"ಅಯ್ಯೋ, ಅದು ಒಳಗೆ, ಇದು ಹೊರಗೆ. ಎಲ್ಲಿಂದೆಲ್ಲಿಗೆ ಸಂಬಂಧ! ಕಣ್ಣು ಮುಚ್ಕೊಳ್ಳಿ."

ಅವರು ಕಣ್ಣು ಮುಚ್ಚಿದರು. ಅತ್ತಿಗೆ ಸೀರಮ್ ಸೀಸೆಯಿಂದ ಬ್ರಷ್ ಎಳೆದಳು. ಹಿಂದಿನ ಸಂಜೆ ನನ್ನ ಕಣ್ಣಿಗೆ ಹಚ್ಚಿದ್ದ ಅದೇ ಬ್ರಷ್.

ಮೇಜಿನ ಮೇಲೆ ಹತ್ತಿ ಇತ್ತು. ಅದನ್ನು ನೀರಲ್ಲಿ ಅದ್ದಿ ನನ್ನ ಬಲಗಣ್ಣಿನ ಕ್ರೀಮನ್ನೆಲ್ಲ ಒರೆಸಿದೆ. ಉರಿಗೆ ಕಣ್ಣಲ್ಲಿ ನೀರು ಸುರಿಯಿತು. ಇನ್ನೊಂದು ಕೈಯಿಂದ ಟೈಲರಮ್ಮನ ಭುಜ ಮುಟ್ಟಿದೆ.

ಅವರು ಕಣ್ಣು ಬಿಟ್ಟರು.

"ಹಚ್ಚಿದ್ದು ಇದು," ಅಂದೆ. ಆಮೇಲೆ ಮಾತು ತಾನಾಗಿ ಬಂತು. "ಬ್ರಷ್ಷೂ ಇದರದ್ದೇ. ನಿಮ್ಮ ಡಾಕ್ಟರನ್ನ ಕೇಳದೆ ಹಚ್ಚಿಸ್ಕೋಬೇಡಿ. ಚೀಟೀಲಿ ಬರೆದಿದೆ."

"ಅವಳಿಗೆ ಓದೋಕೇ ಬರಲ್ಲ!" ಅತ್ತಿಗೆಯ ಕೈಯಲ್ಲಿ ಬ್ರಷ್ ಹಾಗೇ ನಿಂತಿತ್ತು.

ಟೈಲರಮ್ಮ ಎದ್ದು ನನ್ನ ರೆಪ್ಪೆಯನ್ನು ಬೆಳಕಿಗೆ ಹಿಡಿದು ನೋಡಿದರು. "ನಿನ್ನ ದನಿ ಇವತ್ತೇ ಕೇಳಿದ್ದು ಕಣೇ ನಾನು," ಎಂದರು. "ನಾಳೆ ಆಸ್ಪತ್ರೆಗೆ ಹೋಗ್ತೀನಿ. ನೀನೂ ಬಾ."

"ಅವಳಿಗೆ ಇಲ್ಲಿ ಕೆಲಸ ಇದೆ."

"ಟವೆಲ್ ಏನು ಓಡಿಹೋಗುತ್ತಾ ತಾಯಿ?"

ಆಸ್ಪತ್ರೆಯಲ್ಲಿ ಡಾಕ್ಟರು ನನಗೆ ಸೀರಮ್ ನಿಲ್ಲಿಸಿದರು, ಹನಿ ಕೊಟ್ಟರು. ಊತ ಬೇಗ ಇಳಿಯುತ್ತದೆ, ಕೂದಲು ಮೊದಲಿನಂತಾಗುತ್ತದೆ, ಕಪ್ಪು ಹೋಗಲು ತಿಂಗಳುಗಳೇ ಬೇಕು, ಎಂದರು.

ನಾನು ಮತ್ತೆ ಟವೆಲ್ ಕೋಣೆಗೇ ಬಂದೆ. ಬೇರೆ ಎಲ್ಲಿಗೆ ಹೋಗಲಿ? ಅತ್ತಿಗೆ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಅಣ್ಣ ಕಣ್ಣಿಗೇನಾಯಿತೆಂದು ಇನ್ನೂ ಕೇಳಿಲ್ಲ. ಬಾಗಿಲ ಮೇಲಿನ ಫೋಟೋವನ್ನು ಯಾರೂ ತೆಗೆದಿಲ್ಲ. ಒಳಗೆ ಗುಡಿಸುವಾಗ ಬಿಸಿಲು ಬಿದ್ದು ಅದರ ನೆರಳು ನನ್ನ ಕಾಲ ಮೇಲೆ ಬೀಳುತ್ತದೆ.

ಹೊರಗೆ ಯಾರಾದರೂ ಅದರ ಮುಂದೆ ನಿಂತರೆ, ಅತ್ತಿಗೆ ಎದ್ದು ಬರುವ ಮುಂಚೆ ನಾನು ಪೊರಕೆ ಇಟ್ಟು ಬಾಗಿಲು ತೆರೆಯುತ್ತೇನೆ. ಅವರು ಫೋಟೋ ನೋಡುತ್ತಾರೆ, ಆಮೇಲೆ ನನ್ನನ್ನು.

"ಇದು ನಿನ್ನದೇನಾ?"

"ಹೌದು," ಎಂದು ಬಲಗಣ್ಣನ್ನು ಬೆಳಕಿಗೆ ತಿರುಗಿಸುತ್ತೇನೆ.