ಉಡಚಪ್ಪ ಕಾಕಾನ ಎರಡನೇ ಭಾಗ

ಸಿನಿಮಾ ಕೆಟ್ಟದಾಗಿದ್ದರೆ ನನಗೆ ಸಿಟ್ಟು ಬರುತ್ತದೆ. ಅದನ್ನು ಬೇರೆಯವರು ಬಾಯಿಮುಚ್ಚಿಕೊಂಡು ನೋಡಿದರೆ ಇನ್ನೂ ಸಿಟ್ಟು ಬರುತ್ತದೆ. ಆದರೆ ಆ ಗೂಢಚಾರನ ಸಿನಿಮಾದ ಎರಡನೇ ಭಾಗ ನೋಡಲು ಕೂತಾಗ ಸಿಟ್ಟಿಗಿಂತ ದೊಡ್ಡ ಚಿಂತೆ ನನಗಿತ್ತು. ಪಕ್ಕದಲ್ಲಿ ಉಡಚಪ್ಪ ಕಾಕಾ, ಅವನ ಪಕ್ಕದಲ್ಲಿ ಅವನ ಹೆಂಡತಿ ಶಂಕ್ರವ್ವ ಚಿಗವ್ವ. ತೆರೆಯ ಮೇಲೆ ಕಾಕಾ ಸಾಯುತ್ತಾನೋ ಬದುಕುತ್ತಾನೋ ನನಗೂ ಗೊತ್ತಿರಲಿಲ್ಲ, ಕಾಕಾನಿಗೂ ಗೊತ್ತಿರಲಿಲ್ಲ.

ನಾನು ಸಲಾವುದ್ದೀನ, ಅಬ್ಬಿಗೇರಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತೇನೆ. ಕಾಕಾನದು ನಮ್ಮ ಪಕ್ಕದ ಮನೆ. ಮೊದಲ ಭಾಗದ ಶೂಟಿಂಗ್ ಗಜೇಂದ್ರಗಡದ ಗುಡ್ಡದ ಮೇಲೆ ನಡೆದಾಗ ಅವನಿಗೆ ಶತ್ರುಗಳ ಕಾವಲುಗಾರನ ವೇಷ ಸಿಕ್ಕಿತ್ತು. ಸಿನಿಮಾ ಬಂದಾಗ ಊರೇ ನೋಡಲು ಹೋಗಿತ್ತು. ಗೂಢಚಾರ ಗುಂಡು ಹಾರಿಸಿದ, ಕಾಕಾ ಎದೆ ಹಿಡಿದುಕೊಂಡು ಉರುಳಿದ, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಚಿಗವ್ವ ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಓಡಿದಳು. ಗಂಡ ರಕ್ತದಲ್ಲಿ ಬಿದ್ದದ್ದನ್ನು ಕಂಡ ಕಣ್ಣು ಅದು ಬರೀ ಬಣ್ಣ ಎಂದರೆ ನಂಬುತ್ತದೆಯೇ? ಮನೆಗೆ ಬಂದವಳೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಆಮೇಲೂ ಕಾಕಾ ಹೊಲದಿಂದ ಬರುವುದು ಸ್ವಲ್ಪ ತಡವಾದರೆ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ.

ಎರಡನೇ ಭಾಗಕ್ಕೆ ಸಿನಿಮಾದವರು ಮತ್ತೆ ಕರೆದಾಗ ಅವಳು ಕೇಳಿದ್ದು ಒಂದೇ ಮಾತು.

"ಈ ಸಲ ಸಾಯಂಗಿಲ್ಲಂತ ಹೇಳಿ ಹೋಗ್ರಿ."

"ಸಾಯಂಗಿಲ್ಲೇಳ. ನಿನ್ನಾಣಿ," ಎಂದ ಕಾಕಾ.

ಶೂಟಿಂಗ್ ದಿನ ಬೆಳಿಗ್ಗೆ ಅವನನ್ನು ಸಂತೆಯಲ್ಲಿ ಬದನೆಕಾಯಿ ಕೊಳ್ಳಲು ನಿಲ್ಲಿಸಿದರು. ಕಾಕಾನಿಗೆ ಬಲು ಖುಷಿ. ಮಧ್ಯಾಹ್ನ ಗುಡ್ಡದ ಮೇಲೆ ಕಾವಲುಗಾರರ ವೇಷಕ್ಕೆ ಜನ ಕಡಿಮೆ ಬಿದ್ದರು. "ಆ ಮೀಸೆಯವನು ಚೆನ್ನಾಗಿ ಸಾಯ್ತಾನೆ, ಕರೀರಿ" ಎಂದನಂತೆ ಬೆಂಗಳೂರಿನಿಂದ ಬಂದಿದ್ದ ಸಹನಿರ್ದೇಶಕ. ಹೋದ ಸಲ ಸತ್ತವನೇ ಮತ್ತೆ ಕಾವಲಿಗೆ ನಿಂತರೆ ಜನ ಏನೆಂದಾರು ಎಂದು ಆ ಪುಣ್ಯಾತ್ಮನಿಗೆ ಅನಿಸಲೇ ಇಲ್ಲ. ಹೊಗಳಿಕೆಗೆ ಉಬ್ಬಿದ ಕಾಕಾ ಹೋಗಿ ಸತ್ತೇಬಿಟ್ಟ. ಸಂಜೆ ನನ್ನ ಅಂಗಡಿಗೆ ಬಂದಾಗ ಮುಖ ಬಾಡಿತ್ತು.

"ನೀ ಸಿನಿಮಾ ತಿಳಿದಾಂವ. ಎರಡರಾಗ ಯಾವುದು ಇಡ್ತಾರೋ?"

"ಸತ್ತಾಂವ ಸಂತಿ ಮಾಡಾಕ ಬರ್ತಾನೇನು ಕಾಕಾ? ಒಂದ ಇಡ್ತಾರ."

"ಯಾವುದು?"

ನನಗೇನು ಗೊತ್ತು!

ಸಿನಿಮಾ ಬಂದ ಮೇಲೆ ಟಂಟಂ ಆಟೋ ತುಂಬ ಜನ ಗಜೇಂದ್ರಗಡದ ಟಾಕೀಸಿಗೆ ಹೋದೆವು. ಶುರುವಾದದ್ದೇ ತಲೆಬುಡ ತಿಳಿಯದಾಯಿತು. ಮೊದಲ ಭಾಗದಲ್ಲಿ ಬಾಂಬಿಗೆ ಚೂರುಚೂರಾಗಿದ್ದ ಖಳನಾಯಕ ಸೂಟು ಹಾಕಿಕೊಂಡು ನಡೆದು ಬಂದ, ಹೇಗೆ ಬದುಕಿದೆ ಎಂದು ಒಬ್ಬರೂ ಕೇಳಲಿಲ್ಲ. ಗೂಢಚಾರನ ಹೆಂಡತಿ ಗಂಡನನ್ನೇ ಗುರುತು ಹಿಡಿಯಲಿಲ್ಲ. ಅವಳು ಅವಳೋ, ಅವಳಂಥ ಇನ್ನೊಬ್ಬಳೋ? ಗೂಢಚಾರ ದೆಹಲಿಯಲ್ಲಿ ಬಾಗಿಲು ತೆಗೆದರೆ ನಮ್ಮ ಗುಡ್ಡದ ಮೇಲೆ ಹೊರಬರುತ್ತಿದ್ದ. ಎಂಥ ಚಂದದ ಕಥೆಯನ್ನು ಹಾಳು ಮಾಡಿದರಲ್ಲ ಎಂದು ನಾನು ಹಲ್ಲು ಕಡಿಯುತ್ತಿದ್ದೆ.

ಅಷ್ಟರಲ್ಲಿ ಗುಂಡಿನ ಸದ್ದು. ಕಾಕಾ ಎದೆ ಹಿಡಿದುಕೊಂಡು ಉರುಳಿದ, ಹೋದ ಸಲಕ್ಕಿಂತ ಚೆನ್ನಾಗಿ.

ಈ ಸಲ ಚಪ್ಪಾಳೆ ಬೀಳಲಿಲ್ಲ. ಚಿಗವ್ವ ಓಡಲೂ ಇಲ್ಲ. "ನನ್ನಾಣಿ ಮಾಡಿದ್ರಿ," ಎಂದಳು, ಅಷ್ಟೇ. ಕಾಕಾ ಅವಳ ಕೈ ಹಿಡಿಯಲು ಹೋದ, ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಇಂಟರ್ವಲ್‌ನಲ್ಲಿ ಅವನು ತಂದುಕೊಟ್ಟ ಚಹಾ ಅವಳ ಕಾಲ ಬಳಿಯೇ ಆರಿಹೋಯಿತು. ಟಂಟಂ ಹೊರಡುವವರೆಗೆ ಎದ್ದು ಹೋಗುವುದಾದರೂ ಎಲ್ಲಿಗೆ? ಕೂತಳು.

ಕೊನೆಗೆ ಬೆನ್ನಟ್ಟುವ ದೃಶ್ಯ. ಗೂಢಚಾರನ ಬೈಕು ಸಂತೆಯೊಳಗೆ ನುಗ್ಗಿತು, ಜನ ದಿಕ್ಕಾಪಾಲಾದರು. ಓಡದೆ ನಿಂತವನು ಒಬ್ಬನೇ. ಉಡಚಪ್ಪ ಕಾಕಾ! ಬದನೆಕಾಯಿಯನ್ನು ಒತ್ತಿ ಒತ್ತಿ ನೋಡಿ ಆರಿಸುತ್ತಿದ್ದ. ಬಿಳಿ ಅಂಗಿಯ ಮೇಲೆ ಒಂದು ಕಲೆ ಇಲ್ಲ.

ನಾನು ಎದ್ದು ನಿಂತು ಕೂಗಿದೆ. "ಸತ್ತಾಂವನ್ನ ತಂದು ನಿಲ್ಲಿಸ್ಯಾರಲ್ಲೋ! ಎಂಥಾ ಹುಚ್ಚರೋ ಇವ್ರು!"

"ಕೂಡೋ ತಮ್ಮಾ," ಎಂದರು ಹಿಂದಿನವರು.

ಊರಿಗೆ ಮರಳುವಾಗ ದಾರಿಯುದ್ದಕ್ಕೂ ಟಂಟಂನಲ್ಲಿ ಅದೇ ಗದ್ದಲ. ಖಳನಾಯಕ ಬದುಕಿದ್ದು ಹೇಗೆ, ಆ ಹೆಂಗಸು ಯಾರು, ಕಾಕಾ ಸತ್ತನೋ ಇಲ್ಲವೋ. ಎಲ್ಲರೂ ನನ್ನನ್ನೇ ಕೇಳಿದರು. ಬಿಡಿಸಿ ಹೇಳಲು ಹೋಗಿ ನಾನೇ ಸಿಕ್ಕಿಹಾಕಿಕೊಂಡೆ. ಕಾಕಾ ಮಾತ್ರ ಹೆಂಡತಿಯ ಮುಖ ನೋಡುವ ಧೈರ್ಯವಿಲ್ಲದೆ ಹೊರಗೆ ನೋಡುತ್ತ ಕೂತಿದ್ದ.

ಚಿಗವ್ವ ಬಾಯಿ ತೆರೆದದ್ದು ಆಗ.

"ಅದ್ರಾಗ ತಿಳಿಯದ್ದೇನೈತೋ ಸಲಾವುದ್ದೀನ? ಗುಂಡ ಬಿತ್ತು. ದವಾಖಾನಿಗೆ ಒಯ್ದ್ರು. ಆರಾಮಾತು, ಸಂತಿಗೆ ಬಂದ್ರು."

ಇಡೀ ಸಿನಿಮಾದಲ್ಲಿ ನನಗೆ ಅರ್ಥವಾದ ಕಥೆ ಅದೊಂದೇ. ಚಿಗವ್ವ ಗಂಡನ ಕಡೆ ತಿರುಗಿದಳು.

"ಬದನೀಕಾಯಿ ಭಾಳ ಹೊತ್ತು ಆರಿಸಿದ್ರಲ್ಲ, ಚಲೋವು ಸಿಕ್ಕುವೇನ್ರಿ?"

"ಸಿಕ್ಕುವು," ಎಂದ ಕಾಕಾ, ಕಣ್ಣೊರೆಸಿಕೊಳ್ಳುತ್ತ.