ಎಲೆ ಬಿಡುವುದನ್ನು ಮರೆಯುವ ಮೊದಲು

ಮಗಳು ಊಟದ ಮೇಜಿನ ಮೇಲೆ ಮರೆತುಹೋಗಿದ್ದ ಅರ್ಜಿಯನ್ನು ಕೊಡಲು ಅವಳ ಕಾಲೇಜಿಗೆ ಹೋದೆ. ಜೈವಿಕ ತಂತ್ರಜ್ಞಾನದಲ್ಲಿ ಮುಂದೆ ಯಾವ ವಿಭಾಗ ಓದುತ್ತೇನೆಂದು ಅದರಲ್ಲಿ ಬರೆಯಬೇಕಿತ್ತು. ಅಂದೇ ಕೊನೆಯ ದಿನ. ಆ ಜಾಗ ಮಾತ್ರ ಖಾಲಿಯಿತ್ತು.

ಲ್ಯಾಬಿನ ಬಾಗಿಲಲ್ಲಿ ಗಾಜಿನ ಸಾಮಾನು ತೊಳೆಯುವ ಹೆಂಗಸು ನನ್ನನ್ನು ತಡೆದಳು. ಯಾರ ತಾಯಿ ಎಂದು ಹೇಳಿದ್ದೇ ತಡ, ಮುಖ ಅರಳಿತು.

"ಓ, ಡುಮ್ಮನ ಅಮ್ಮನಾ ನೀವು!"

ಡುಮ್ಮ ನನ್ನ ದೊಡ್ಡ ಮಗ. ಅವನು ಹೋಗಿ ಎರಡು ವರ್ಷ ದಾಟಿತ್ತು. ಆಮೇಲೆ ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

"ನಿಮಗೆ... ಯಾರು ಹೇಳಿದ್ರು?"

"ಬಾಟಲಿ ಮೇಲೆಲ್ಲ ಅದೇ ಬರೆದಿದಾಳಲ್ಲ ನಿಮ್ಮ ಮಗಳು! ಮನೇಲಿ ಅವಳನ್ನೇ ಹಾಗೆ ಕರೀತೀರೇನೋ ಅಂದ್ಕೊಂಡಿದ್ವಿ. ನೋಡೋಕೆ ಕಡ್ಡಿ, ಹೆಸರು ಡುಮ್ಮ! ಬನ್ನಿ, ತೋರಿಸ್ತೀನಿ."

ತಣ್ಣನೆಯ ಕೋಣೆ. ಹಲಗೆಗಳ ಮೇಲೆ ಬಿಳಿ ದೀಪ, ದೀಪದ ಕೆಳಗೆ ಸಾಲು ಸಾಲು ಬಾಟಲಿ. ಒಳಗೆ ಅಗಿದು ಉಗಿದ ಬ್ರೆಡ್ಡಿನಂಥ ಮುದ್ದೆ. ಬೇರಿಲ್ಲ, ಎಲೆಯಿಲ್ಲ. ಮೇಲೆ ನನ್ನ ಮಗಳ ದುಂಡು ಅಕ್ಷರ: ಡುಮ್ಮ–38. ಗಾಜು ಮುಟ್ಟಿದೆ. ಚಳಿಯಾಗುತ್ತದೇನೋ, ಏನಾದರೂ ಹೊದಿಸಬೇಕು ಅನ್ನಿಸಿತು.

ಮಗಳು ಬಂದು ನನ್ನ ಕೈ ಹಿಡಿದು ಹೊರಗಿನ ಮೆಟ್ಟಿಲಿಗೆ ಕರೆದೊಯ್ದಳು.

"ಅಣ್ಣ ಒಡೆದ ಕಾಫಿ ಮಗ್ಗಲ್ಲಿ ನೆಟ್ಟಿದ್ನಲ್ಲಮ್ಮ ಪುದೀನ, ಅದೇ. ನೀನು ಎಸೆಯೋ ಮುಂಚೆ ಒಂದು ಚಿಗುರು ಕಿತ್ಕೊಂಡಿದ್ದೆ. ಬಾಟಲೀಲಿ ಹಾಕಿದ್ರೆ ಹೀಗೆ ಮುದ್ದೆಯಾಗಿ ಬೆಳೆಯುತ್ತೆ. ಮೂರು ವಾರಕ್ಕೊಂದ್ಸಲ ತುಂಡು ಮಾಡಿ ಹೊಸ ಆಹಾರಕ್ಕೆ ಹಾಕ್ತೀನಿ. ಇದು ಮೂವತ್ತೆಂಟನೇ ಸಲ."

ಆ ಮಗ್ಗಿಗೆ ನೀರು ಹಾಕದೆ ಒಣಗಿಸಿದವಳು ನಾನೇ. ಅವನು ಹೋದ ಮೇಲೆ ಅದರ ವಾಸನೆ ತಡೆಯಲಾಗುತ್ತಿರಲಿಲ್ಲ.

ಅವಳಿಗೆ ಈ ಓದಿನ ಹುಚ್ಚು ಹಿಡಿದದ್ದು ನಮ್ಮ ಅಡುಗೆಮನೆಯಲ್ಲಿ. ಕಾಲೇಜಿಗೆ ಸೇರಿದ ವಾರವೇ ಈರುಳ್ಳಿ ಅರೆದು, ಉಪ್ಪು, ಪಾತ್ರೆ ತೊಳೆಯುವ ಸೋಪು, ಸ್ಪಿರಿಟ್ ಹಾಕಿ, ಕಡ್ಡಿಯಲ್ಲಿ ಬಿಳಿ ಎಳೆಯೊಂದನ್ನು ಎತ್ತಿ ತೋರಿಸಿದ್ದಳು. "ಡಿಎನ್ಎ ಅಮ್ಮಾ, ಕಣ್ಣಿಗೇ ಕಾಣ್ತಿದೆ!" ಡುಮ್ಮ ಬಗ್ಗಿ ನೋಡಿ, "ಇದಕ್ಕಾ ಇಷ್ಟು ಕುಣಿದಾಟ? ನೆಗಡಿ ಬಂದಾಗ ನನ್ನ ಮೂಗಲ್ಲೇ ಬರುತ್ತೆ" ಅಂದಿದ್ದ.

ಅದೇ ವರ್ಷ ಅವನಿಗೆ ಜ್ವರ ಬಂತು. ಐದು ದಿನ. ಯಾವ ರೋಗಾಣು ಎಂದು ಹೇಳುವ ರಕ್ತಪರೀಕ್ಷೆಯ ಕಾಗದ ಬಂದದ್ದು ಅವನು ಹೋದ ಮರುದಿನ. ಅಂದಿನಿಂದ ಅವಳಿಗೆ ಒಂದೇ ಧ್ಯಾನ: ಐದು ದಿನದ ಪರೀಕ್ಷೆಯನ್ನು ಒಂದು ಗಂಟೆಯಲ್ಲಿ ಮುಗಿಸುವುದು ಹೇಗೆ. ಊಟ ಮಾಡುವಾಗಲೂ ಅದೇ ಮಾತು, ತುತ್ತು ಕೈಯಲ್ಲೇ ಒಣಗುತ್ತಿತ್ತು.

"ಮತ್ತೆ ರೋಗಪತ್ತೆ ವಿಭಾಗ ಅಂತ ಯಾಕೆ ಬರೆದಿಲ್ಲ?" ಅರ್ಜಿ ತೋರಿಸಿ ಕೇಳಿದೆ.

"ಅಲ್ಲಿಗೆ ಹೋದ್ರೆ ಈ ಹಲಗೆ ಬಿಟ್ಟುಕೊಡಬೇಕು. ಸೋಮವಾರ ಎಲ್ಲಾನೂ ಬೇಯಿಸಿ ಚೆಲ್ತಾರೆ. ಗಿಡದ ವಿಭಾಗ ಅಂತ್ಲೇ ಬರೀತೀನಿ ಬಿಡು."

"ಅದು ನಿನಗೆ ಇಷ್ಟಾನಾ?"

"ಇಷ್ಟದ ಮಾತಲ್ಲಮ್ಮ ಇದು."

"ಆ ಮುದ್ದೆ ಗಿಡ ಆಗಲ್ವಾ?"

"ಬೇರೆ ಆಹಾರ ಕೊಟ್ರೆ ಆಗಬಹುದು. ಆದ್ರೆ ಹೊರಗೆ ಬಂದ್ಮೇಲೆ ಸಾಯಬಹುದು. ಬಾಟಲೀಲಿದ್ರೆ ಸಾಯಲ್ಲ."

"ಹೀಗೇ ಇಟ್ಕೊಂಡ್ರೆ?"

ಅವಳು ಕೋಟಿನ ಗುಂಡಿ ತಿರುಚುತ್ತ ಕೂತಳು. "ಹಳೇದಾಗ್ತಾ ಎಲೆ ಬಿಡೋದನ್ನೇ ಮರೆತುಬಿಡುತ್ತೆ."

ಪ್ರತಿ ಭಾನುವಾರ ನಾನು ಡುಮ್ಮನ ನೀಲಿ ಅಂಗಿಯನ್ನು ಒಗೆದು, ಇಸ್ತ್ರಿ ಮಾಡಿ, ಮತ್ತೆ ಕಪಾಟಿನಲ್ಲಿಡುತ್ತೇನೆ. ಈಗ ಅದು ನೀಲಿಯೂ ಅಲ್ಲ. ನೂಲಿನಂತೆ ಸೀರೆ ಎನ್ನುತ್ತಾರೆ. ಇವಳು ಇನ್ಯಾರನ್ನು ನೋಡಿ ಕಲಿಯಬೇಕು?

"ಎಲೆ ಬಿಡಿಸಿ ನನಗೆ ಕೊಡು" ಅಂದೆ. "ಸತ್ತರೆ ನನ್ನ ಕೈಯಲ್ಲಿ ಸಾಯಲಿ ಕಂದಾ. ನೀನು ನಿನ್ನ ಓದು ಓದು."

ಅವಳು ಬಹಳ ಹೊತ್ತು ಅತ್ತಳು. ಆಮೇಲೆ ಅರ್ಜಿಯನ್ನು ನನ್ನ ಮಂಡಿಯ ಮೇಲಿಟ್ಟು, ರೋಗಪತ್ತೆ ಎಂದು ಬರೆದಳು. ಪೆನ್ನಿನ ಒತ್ತು ನನ್ನ ಕಾಲಿಗೆ ತಿಳಿಯಿತು.

ಬಾಗಿಲಲ್ಲಿ ನಿಂತಿದ್ದ ಹೆಂಗಸಿಗೆ ಎಲ್ಲ ಕೇಳಿಸಿತ್ತು. ಮೂಗು ಒರೆಸಿಕೊಂಡು, "ಆ ಬೇರೆ ಆಹಾರಕ್ಕೆ ಹಾಕಿಕೊಡು ತಾಯಿ, ನನ್ನ ಸಿಂಕಿನ ಪಕ್ಕದ ಕಿಟಕೀಲಿರ್ಲಿ. ಅಲ್ಲಿಗೆ ಯಾರು ಬರ್ತಾರೆ?" ಅಂದಳು.

ಆ ಕಿಟಕಿಯಲ್ಲಿಟ್ಟ ಹನ್ನೆರಡು ಬಾಟಲಿಯಲ್ಲಿ ಹನ್ನೊಂದು ಮುದ್ದೆಯಾಗಿಯೇ ಉಳಿದು ಕಂದಿದವು. ಒಂದರಲ್ಲಿ ಸಾಸಿವೆಯಷ್ಟು ಹಸಿರು ಮೂಡಿತು.

ಅದು ಈಗ ನಮ್ಮ ಅಡುಗೆಮನೆಯ ಕಿಟಕಿಯಲ್ಲಿದೆ. ನಾಲ್ಕು ಎಲೆ. ಹೊರಗಿನ ಗಾಳಿ ರೂಢಿಯಾಗಲೆಂದು ಮೇಲೆ ಗಾಜಿನ ಲೋಟ ಬೋರಲು ಹಾಕಿ, ದಿನವೂ ಸ್ವಲ್ಪ ಸ್ವಲ್ಪ ಹೊತ್ತು ಎತ್ತಿಡುತ್ತಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಲೋಟದ ಒಳಗೆಲ್ಲ ಹಬೆ, ಯಾರೋ ಉಸಿರಾಡುತ್ತಿರುವ ಹಾಗೆ. ಹೊರಗಿನಿಂದ ಒರೆಸುತ್ತಿದ್ದೆ. ಹೋಗುತ್ತಿರಲಿಲ್ಲ.

ಇವತ್ತು ಮಗಳು ಹೊಸ ಲ್ಯಾಬಿಗೆ ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ಅಮ್ಮಾ, ಇವತ್ತು ಲೋಟ ಪೂರ್ತಿ ತೆಗೆದುಬಿಡು" ಅಂದಳು. ತಿರುಗಿ ನೋಡಲಿಲ್ಲ.

ಪಾತ್ರೆ ತೊಳೆದೆ. ಒಲೆ ಒರೆಸಿದೆ. ಒರೆಸಿದ ಒಲೆಯನ್ನೇ ಮತ್ತೆ ಒರೆಸಿದೆ. ಆ ಪುದೀನದ ವಾಸನೆ ಬಂದರೆ ಏನು ಮಾಡಲಿ, ಬರದಿದ್ದರೆ ಏನು ಮಾಡಲಿ?

ಲೋಟ ಎತ್ತಿದೆ. ಬೆಚ್ಚನೆಯ ತೇವ ಮಣಿಕಟ್ಟಿಗೆ ತಾಗಿ ಹೋಯಿತು. ಎಲೆಗಳು ನಡುಗಿದವು.

ಅವಳು ಸಂಜೆ ಬಂದು, ತೆಗೆದೆಯಾ ಎಂದು ಕೇಳುತ್ತಾಳೆ. ಮತ್ತೆ ಮುಚ್ಚಬೇಕೆಂಬ ಆಸೆ ಹುಟ್ಟುವ ಮೊದಲೇ ಲೋಟವನ್ನು ತೊಳೆದು, ಬೇರೆ ಲೋಟಗಳ ನಡುವೆ ಸೇರಿಸಿಬಿಟ್ಟಿದ್ದೇನೆ. ಈಗ ಯಾವುದು ಎಂದು ನನಗೂ ಗೊತ್ತಿಲ್ಲ.